ಕಿತ್ತಳೆ ಸಿಪ್ಪೆ ಉಜ್ಜದ ಚೆಂಡು

ನನ್ನಜ್ಜನಿಗೆ ಇನ್ನೂ ಮೀಸೆ ಚಿಗುರದ ಕಾಲ. ಕೆಂಪು ನೀರಿನ ನದಿಯ ದಡದಲ್ಲಿ ಒಂದು ಊರಿತ್ತಂತೆ, ಸಾಂತಾ ರೂಫಿನಾ ಅಂತ ಅದರ ಹೆಸರು. ದಕ್ಷಿಣ ಅಮೆರಿಕದ ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಭೂಪಟ ಬರೆಯುವವರು ಮೂಗು ಮುಚ್ಚಿಕೊಂಡು ದಾಟಿಹೋದರು ಅಂತಾರೆ. ಅದೇ ಊರು ಇದು. ನೀವೀಗ ಕೂತಿರುವುದು ಅದರ ಕೆಳಗೇರಿಯ ಮೈದಾನದಲ್ಲಿ.

ಗುಡ್ಡದ ಮೇಲೆ ಮೇಲ್ಗೇರಿ. ಅಲ್ಲಿ ಬಂಗಲೆಗಳು, ಕತ್ತರಿಸಿದ ಹುಲ್ಲು, ಫುಟ್‌ಬಾಲ್ ಆಡುವ ದೊರೆಗಳು. ಕೆಳಗೆ ನಾವು. ಸುಣ್ಣದ ತೊಟ್ಟಿಯಲ್ಲಿ ದನದ ತೊಗಲು ನೆನೆಹಾಕಿ, ಕೂದಲು ಹೆರೆದು, ಹದ ಮಾಡುವುದು ನಮ್ಮ ಕಸುಬು. ಆ ವಾಸನೆ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿಯುವವರೆಗೆ ಬಿಡದು, ಮೈಗೆ ಹತ್ತಿದರೆ ಮಣ್ಣಿಗೆ ಹೋಗುವವರೆಗೆ ಬಿಡದು. ಮೇಲಿನವರು ನಮ್ಮನ್ನು ನಾತದವರು ಅನ್ನುತ್ತಿದ್ದರಂತೆ. ನಾವು ಹದ ಮಾಡಿದ ಬೂಟು ಮೆಟ್ಟಿಕೊಂಡೇ ಅನ್ನುತ್ತಿದ್ದರಂತೆ.

ಕೆಳಗೇರಿಯಲ್ಲಿ ಫೆರ್ಮೀನಾ ಅಂತ ಒಬ್ಬಳಿದ್ದಳು. ಚೆಂಡು ಹೊಲಿಯುವವಳು. ಅವಳು ಹೊಲಿದ ಚೆಂಡನ್ನು ಬಾವಿಗೆ ಎಸೆದರೂ ಪುಟಿದು ಮೇಲೆ ಬರುತ್ತಿತ್ತು ಅಂತಾರೆ. ನಗಬೇಡಿ, ನನಗೆ ಹೇಳಿದವರು ಹಾಗೇ ಹೇಳಿದ್ದು. ಊರಿಗೆಲ್ಲ ಅವಳದೇ ಚೆಂಡು, ಮೇಲ್ಗೇರಿಗೂ ಅವಳದೇ. ಆದರೆ ಮೇಲಕ್ಕೆ ಹೋಗುವ ಚೆಂಡಿಗೆ ಒಂದು ಕೆಲಸ ಹೆಚ್ಚು. ಕಿತ್ತಳೆ ಸಿಪ್ಪೆ ಹಿಂಡಿ, ಆ ಎಣ್ಣೆಯನ್ನು ದಿನಗಟ್ಟಲೆ ಉಜ್ಜಿ ಉಜ್ಜಿ ವಾಸನೆ ಕೊಲ್ಲಬೇಕು. ಅವಳ ಅಮ್ಮನೂ ಉಜ್ಜಿದ್ದಳು, ಅಜ್ಜಿಯೂ ಉಜ್ಜಿದ್ದಳು. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ತೊಗಲು ಒಣಹಾಕುವ ಈ ಬಯಲಲ್ಲಿ ನಮ್ಮ ತಂಡ ಕಟ್ಟಿದವನು ಅವಳ ಗಂಡ ಆನ್ಸೆಲ್ಮೊ. ಕುರ್ತಿದೋರೆಸ್ ಅಂತ ಹೆಸರಿಟ್ಟ. ತೊಗಲು ಹದ ಮಾಡುವವರು ಅಂತಲೇ ಅದರರ್ಥ. ಸುಣ್ಣದ ಘಾಟು ಎದೆಗಿಳಿದು ಅವನು ಬೇಗ ಹೋಗಿಬಿಟ್ಟ. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಬಿಟ್ಟುಹೋದದ್ದು ಆ ಹೆಸರೊಂದೇ.

ನಮ್ಮವರ ಆಟ ಸುತ್ತೂರಿಗೆಲ್ಲ ಗೊತ್ತಾಯಿತು. ಆಗ ಮೇಲ್ಗೇರಿಯವರು ಹೇಳಿಕಳಿಸಿದರಂತೆ: ದೊಡ್ಡ ಪಂದ್ಯಗಳಿಗೆ ನಿಮ್ಮನ್ನೂ ಸೇರಿಸಿಕೊಳ್ಳುತ್ತೇವೆ, ಆದರೆ ಆ ಕೊಳಕು ಹೆಸರು ಬೇಡ. ಯಾವುದಾದರೂ ಸಂತರ ಹೆಸರಿಟ್ಟುಕೊಳ್ಳಿ, ತೊಟ್ಟಿಗಳ ಪಕ್ಕದ ಆ ಬಯಲು ಬಿಟ್ಟುಬನ್ನಿ.

ಹುಡುಗರು ಕುಣಿದಾಡಿದರು. ಸುಳ್ಳು ಯಾಕೆ ಹೇಳಲಿ, ನಮ್ಮವರಿಗೂ ಹುಲ್ಲಿನ ಮೇಲೆ ಆಡುವ ಆಸೆ ಇತ್ತು. ತಂಡದ ನಾಯಕ ತೊರೀಬಿಯೊ ಫೆರ್ಮೀನಾಳ ತಮ್ಮನ ಮಗ. ಅವನೇ ಅತ್ತೆಯ ಬಳಿ ಬಂದು, ಹೆಸರು ಬದಲಾದರೆ ಕಾಲು ಬದಲಾಗುತ್ತದೆಯೇ ಅಂತ ಕೇಳಿದನಂತೆ.

"ಕಾಲು ಬದಲಾಗಲ್ಲ ಕಣೋ. ಆದ್ರೆ ನೀನು ಗೋಲು ಹೊಡೆದಾಗ ಜನ ಕೂಗೋದು ಯಾರ ಹೆಸರನ್ನ?"

ತೊರೀಬಿಯೊ ತಲೆ ತಗ್ಗಿಸಿ ಹೊರಟುಹೋದ. ಒಪ್ಪಿದ ಅಂತಲ್ಲ.

ಮರುದಿನ ಫೆರ್ಮೀನಾ ಕೆಲಸದ ತೊಗಲಂಗಿಯಲ್ಲೇ ಗುಡ್ಡ ಹತ್ತಿದಳು. ಬಂಗಲೆಯ ಕಾವಲಿನ ನಾಯಿಗಳು ಬೊಗಳದೆ ಅವಳ ಹಿಂದೆ ಸಾಲಾಗಿ ಬಂದವು ಅಂತಾರೆ. ಅದು ನಿಜವೇ ಇರಬೇಕು, ನಾಯಿಗೆ ತೊಗಲು ಅಂದರೆ ಪ್ರಾಣ. ಅವಳು ಕೇಳಿದ್ದು ಒಂದು ಪಂದ್ಯ, ನಮ್ಮ ಬಯಲಲ್ಲಿ. ಗೆದ್ದರೆ ಹೆಸರೂ ಬಯಲೂ ಉಳಿಸಿಕೊಂಡೇ ಸೇರುತ್ತೇವೆ. ಗೆಲ್ಲದಿದ್ದರೆ ಎರಡೂ ಬಿಡುತ್ತೇವೆ. ಯಾರ ಬಯಲೋ ಅವರದೇ ಚೆಂಡು ಅನ್ನುವ ಪದ್ಧತಿ ಮಾತ್ರ ನಡೆಯಬೇಕು ಅಂದಳಂತೆ. ಅವರು ನಕ್ಕು ಒಪ್ಪಿದರು. ಪದ್ಧತಿ ಅವರೇ ಮಾಡಿದ್ದು, ಚೆಂಡು ಹೇಗಿದ್ದರೂ ಅವಳದೇ.

ಪಂದ್ಯದ ಚೆಂಡನ್ನು ಅವಳು ಎಂದಿನಂತೆಯೇ ಹೊಲಿದಳು. ಅದೇ ತೊಗಲು, ಅದೇ ದಾರ. ಕಿತ್ತಳೆ ಸಿಪ್ಪೆ ಮಾತ್ರ ಮುಟ್ಟಲಿಲ್ಲ.

ಅವತ್ತು ಮಳೆ. ನೆನೆದ ತೊಗಲಿನ ವಾಸನೆ ಗೊತ್ತೇ ನಿಮಗೆ? ಮೇಲಿನವರು ಮೂಗು ಮುಚ್ಚಿಕೊಂಡರು ಅಂತ ನನ್ನಜ್ಜ ಹೇಳುತ್ತಿದ್ದ. ವಾಂತಿ ಮಾಡಿಕೊಂಡರು ಅಂತ ನನ್ನಪ್ಪ ಹೇಳುತ್ತಿದ್ದ. ಪಾದ್ರಿಯ ಕುದುರೆ ಹಗ್ಗ ಕಿತ್ತು ನದಿಗೆ ಹಾರಿತು ಅಂತ ನಾನು ಹೇಳುತ್ತೇನೆ. ನಿಮ್ಮ ಸರದಿ ಬಂದಾಗ ನೀವೂ ಏನಾದರೂ ಸೇರಿಸಿ, ಯಾರು ಬೇಡ ಅಂದರು?

ಆದರೆ ಇದೊಂದನ್ನು ಯಾರೂ ಬದಲಾಯಿಸಿ ಹೇಳುವುದಿಲ್ಲ. ದೊರೆಗಳು ಚೆನ್ನಾಗಿಯೇ ಆಡಿದರು. ಕಾಲಿಗೆ ಸಿಕ್ಕಾಗ ಒದ್ದರು, ನಮ್ಮವರನ್ನು ಸುಸ್ತುಮಾಡಿದರು. ಚೆಂಡು ಎತ್ತರಕ್ಕೆ ಬಂದಾಗ ಮಾತ್ರ ತಲೆ ಕೊಡಲಿಲ್ಲ. ಆ ನಾತವನ್ನು ಹಣೆಗೆ ಹಚ್ಚಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ಕತ್ತಲಾಗುತ್ತ ಬಂದಿತ್ತು, ಒಂದೂ ಗೋಲಾಗಿರಲಿಲ್ಲ. ಆಗ ನಮ್ಮವರು ಮೂಲೆಯಿಂದ ಒದ್ದ ಚೆಂಡು ಅವರ ಗೋಲಿನ ಮುಂದೆ ತೇಲಿ ಬಂತು. ಮೇಲ್ಗೇರಿಯವರು ಅಷ್ಟೂ ಜನ ತಲೆ ತಗ್ಗಿಸಿದರು. ತೊರೀಬಿಯೊ ತಗ್ಗಿಸಲಿಲ್ಲ. ಹೆಸರು ಬಿಟ್ಟರೇನಂತೆ ಅಂದಿದ್ದವನೇ ಹಾರಿ ಹಣೆ ಕೊಟ್ಟ.

ಕೆಳಗೇರಿ ಅವನ ಹೆಸರು ಕೂಗಲಿಲ್ಲ. ಕುರ್ತಿದೋರೆಸ್, ಕುರ್ತಿದೋರೆಸ್ ಅಂತ ಕೂಗಿತು. ತೊರೀಬಿಯೊ ಕೆಸರಲ್ಲಿ ಕೂತು ಅತ್ತನಂತೆ.

ಚೆಂಡು ಸರಿ ಇರಲಿಲ್ಲ, ಗೆಲುವು ಲೆಕ್ಕಕ್ಕಿಲ್ಲ ಅಂತ ದೊರೆಗಳು ತಗಾದೆ ತೆಗೆದರು. ಫೆರ್ಮೀನಾ ಆ ಚೆಂಡನ್ನು ಎತ್ತಿ ಅವರ ಕೈಗೇ ಇಟ್ಟಳು.

"ಇಷ್ಟು ವರ್ಷ ನೀವು ಒದ್ದದ್ದೂ ಇದನ್ನೇ ಸ್ವಾಮಿ. ವಾಸನೆ ಯಾವತ್ತೂ ಇತ್ತು. ನಾನು ಮುಚ್ಚಿಡ್ತಿದ್ದೆ. ಇನ್ನು ಮುಚ್ಚಿಡಲ್ಲ."

ಅವರು ಸೇರಿಸಿಕೊಂಡರು, ಸೇರಿಸಿಕೊಳ್ಳದೆ ಗತಿಯಿರಲಿಲ್ಲ. ಆದರೆ ಆಮೇಲೆ ಅವಳ ಚೆಂಡನ್ನು ಮೇಲ್ಗೇರಿಯಲ್ಲಿ ಯಾರೂ ಕೊಳ್ಳಲಿಲ್ಲ. ಸಿಪ್ಪೆ ಉಜ್ಜಿಕೊಡು, ಎಲ್ಲ ಮರೆಯುತ್ತೇವೆ ಅಂತ ಹೇಳಿಕಳಿಸಿದರಂತೆ. ಅವಳು ಕಿತ್ತಳೆ ತಿಂದಳು, ಸಿಪ್ಪೆಯನ್ನು ನದಿಗೆ ಎಸೆದಳು. ಬಡವಿಯಾಗಿಯೇ ಸತ್ತಳು, ಅದನ್ನು ಹೇಳದಿದ್ದರೆ ಕತೆ ಹೇಳಿದ ಹಾಗಾಗುವುದಿಲ್ಲ. ಅವಳ ಸಮಾಧಿಯನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು.

ಈಗ ತೊಟ್ಟಿಗಳು ಮುಚ್ಚಿವೆ. ಚೆಂಡು ಎಲ್ಲಿಂದಲೋ ಬರುತ್ತದೆ, ಅದಕ್ಕೆ ಯಾವ ವಾಸನೆಯೂ ಇಲ್ಲ. ಅದಕ್ಕೇ ಈ ಮೈದಾನದ ಬಾಗಿಲಲ್ಲಿ ಒಂದು ಹಸಿ ತೊಗಲು ತೂಗುಹಾಕುತ್ತೇವೆ. ಒಳಗೆ ಬರುವ ಪ್ರತಿಯೊಬ್ಬರೂ ಅದಕ್ಕೆ ಅಂಗೈ ಉಜ್ಜಿಯೇ ಬರಬೇಕು. ನೀವು ಹೊಸಬರು, ಹಾಗೇ ಬಂದಿರಿ. ನೋಡಿದೆ, ಸುಮ್ಮನಿದ್ದೆ.

ಏಳಿ, ಆಟಗಾರರು ಬಂದರು. ಎದುರಿನ ಕಟ್ಟೆಯಲ್ಲಿ ಪರವೂರಿನವರು ಮೂಗು ಹಿಡಿದುಕೊಂಡಿದ್ದಾರೆ ನೋಡಿ. ಪ್ರತಿ ಸಲವೂ ಹಿಡಿಯುತ್ತಾರೆ. ನಾವು ತಿರುಗಿ ಬೈಯುವುದಿಲ್ಲ. ತೊಗಲು ಉಜ್ಜಿದ ಕೈಯನ್ನು ಮೂಗಿಗಿಟ್ಟು, ಇಡೀ ಕಟ್ಟೆ ಒಟ್ಟಿಗೆ ಒಂದು ಉಸಿರು ಎಳೆದುಕೊಳ್ಳುತ್ತೇವೆ. ಆ ಸದ್ದು ಮೇಲ್ಗೇರಿಗೂ ಕೇಳಿಸುತ್ತದೆ.

ನಿಮ್ಮ ಕೈಯಲ್ಲಿ ವಾಸನೆ ಇಲ್ಲವಲ್ಲ. ತಗೊಳ್ಳಿ, ನನ್ನ ಕೈ ಹಿಡಿದುಕೊಳ್ಳಿ. ಹಾಂ, ಈಗ ಉಸಿರು ಎಳೆಯಿರಿ.