ಯಾರ ಲೋಟ ಯಾವುದು

ಬೀಗರು ಊಟಕ್ಕೆ ಬರುತ್ತಾರೆಂದು ವಿಶಾಲಾಕ್ಷಮ್ಮ ಮೌನೇಶಾಚಾರ್ರ ಕೈಯಲ್ಲಿ ತಾಮ್ರದ ಲೋಟ ಮಾಡಿಸಿದ್ದರು. ಸುತ್ತಿಗೆಯಲ್ಲಿ ಬಡಿದು ಮಾಡಿದ ಲೋಟಗಳು. ಒಂದರ ಹಾಗೆ ಇನ್ನೊಂದಿರಲಿಲ್ಲ.

"ಎಲ್ಲ ಒಂದೇ ಥರ ಇರಬೇಕು. ಇವನ್ನು ವಾಪಸ್ ಒಯ್ಯಿರಿ," ಎಂದರು ವಿಶಾಲಾಕ್ಷಮ್ಮ.

ಆಚಾರ್ರ ಮುಖ ಬಾಡಿದ್ದನ್ನು ಅಡುಗೆಯಾಕೆ ನೋಡಿದಳು. "ಬಿಸಿಲು ಇಳಿಯಲಿ ಅಣ್ಣ, ಉಂಡು ಹೊರಡಿ," ಎಂದು ಜಗಲಿಯಲ್ಲಿ ಕೂರಿಸಿದಳು.

ಬೀಗರಿಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು. ಎಲ್ಲವೂ ಒಂದೇ ಥರ. ಅವರು ಅರ್ಧ ಕುಡಿದು, ತೊಟ್ಟಿಲ ಮಗು ನೋಡಲು ಎದ್ದರು. ಇವಳು ಮೇಜು ಒರೆಸುವ ನೆಪದಲ್ಲಿ ಲೋಟಗಳನ್ನು ಅತ್ತಿತ್ತ ಮಾಡಿಬಿಟ್ಟಳು.

ಊಟಕ್ಕೆ ಕೂತರು. ಸಾರು ಖಾರವಾಗಿತ್ತು. ಆದರೆ ಯಾರ ಲೋಟ ಯಾವುದು? ಎಂಜಲೆಂದರೆ ಎರಡೂ ಮನೆಯವರಿಗೆ ಆಗದು. ಬೀಗಿತ್ತಿಯ ಕಣ್ಣಲ್ಲಿ ನೀರು ಬಂದರೂ ಲೋಟಕ್ಕೆ ಕೈ ಹೋಗಲಿಲ್ಲ.

"ಬೇರೆ ಲೋಟ ತಾರೇ," ಎಂದರು ವಿಶಾಲಾಕ್ಷಮ್ಮ ಅಡುಗೆಯಾಕೆಗೆ.

"ಬೇರೆ ಅಂದ್ರೆ ಆಚಾರ್ರವೇ ಅಮ್ಮ. ಒಂದೇ ಥರ ಇಲ್ಲದವು."

ತಂದಿಟ್ಟಳು. ಬೀಗಿತ್ತಿ ಗಟಗಟ ಕುಡಿದು, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದೊಂದು ಸುತ್ತಿಗೆ ಗುರುತಿನಲ್ಲೂ ಒಂದೊಂದು ಸೂರ್ಯ ಕೂತಿದ್ದ.

"ನನ್ನದು ಹನಿ ಬಿದ್ದ ಕೆರೆ ಇದ್ದ ಹಾಗಿದೆ," ಎಂದರು ಮೆಲ್ಲಗೆ.

"ನನ್ನದು ಮೀನಿನ ಮೈ," ಎಂದರು ಬೀಗರು.

ಅನ್ನ ಆರುತ್ತಿದ್ದರೂ ಎಲ್ಲರೂ ನೋಡುತ್ತಲೇ ಕೂತರು. ಆಮೇಲೆ ಲೋಟಗಳು ಎಷ್ಟು ಬೆರೆತರೂ ಯಾರ ಕೈಯೂ ತಪ್ಪಲಿಲ್ಲ.

ಸಂಜೆ ಆಚಾರ್ರು ಚೀಲ ಹಿಡಿದು ನಿಂತರು. "ಲೋಟ ಕೊಡಿ ಅಮ್ಮ, ಒಯ್ತೀನಿ."

ವಿಶಾಲಾಕ್ಷಮ್ಮ ತಮ್ಮ ಲೋಟವನ್ನು ಸೆರಗಿನಡಿ ಸರಿಸಿಕೊಂಡರು. "ಬೇಕಾದರೆ ಸ್ಟೀಲಿನವನ್ನು ಒಯ್ಯಿರಿ."

"ಒಯ್ಯಿ ಅಣ್ಣ," ಎಂದಳು ಅಡುಗೆಯಾಕೆ. "ಎಲ್ಲ ಒಂದೇ ಥರ ಇವೆ."