ಪಿಟೀಲು ಮತ್ತು ಜೋಗುಳದ ಮಾತು

ಸಂಗೀತಗಾರನೊಬ್ಬ ಪ್ರಾಯದಲ್ಲಿ ಕಟ್ಟಿದ್ದ ಜೋಗುಳವನ್ನು ಮುಪ್ಪಿನಲ್ಲಿ ಬರೀ ತಂತಿವಾದ್ಯಗಳಿಗೆ ಹೊಂದಿಸಿದ. ಹಾಡುವವರು ಬೇಡವಾದ್ದರಿಂದ ಹಾಡಿನ ಮಾತು ಬಾಗಿಲಾಚೆ ಉಳಿಯಿತು.

"ಹಾಡುವವರು ಉಸಿರಿಗಾಗಿ ನಿಲ್ಲಬೇಕು. ನನಗೆ ಆ ಬಾಧೆಯಿಲ್ಲ," ಎಂದ ಪಿಟೀಲು, ಅಭ್ಯಾಸದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ನುಡಿಯಿತು.

ಮುದುಕ ಮುಖ ಕಿವಿಚಿದ. "ಇದು ಜೋಗುಳವಲ್ಲ. ನಾಳೆಯ ಸಭೆಯಲ್ಲೂ ಹೀಗೇ ಆದರೆ, ಇದನ್ನು ಇನ್ನು ನುಡಿಸುವುದೇ ಬೇಡ."

ಎಲ್ಲರೂ ಹೋದ ಮೇಲೆ ಪಿಟೀಲು ಬಾಗಿಲಾಚೆ ಉಳಿದಿದ್ದ ಹಾಡಿನ ಮಾತಿನ ಬಳಿ ಕೇಳಿತು: "ನನ್ನ ಸ್ವರದಲ್ಲಿ ತಪ್ಪೇನಿತ್ತು?"

"ಹೊರಗಿಟ್ಟವರಿಗೆ ನಾನೇಕೆ ಹೇಳಲಿ ಅನ್ನಿಸುತ್ತದೆ. ಆದರೆ ಮಗು ಮಲಗಬೇಕಲ್ಲ," ಎಂದಿತು ಮಾತು. "ಸ್ವರ ಸರಿಯಾಗಿಯೇ ಇತ್ತು. 'ಮಲಗು ಕಂದ' ಎಂದ ತಾಯಿ ಅಲ್ಲಿ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಉಸಿರಿಗಲ್ಲ, ಮಗುವಿಗೆ ನಿದ್ದೆ ಬಂತೇ ಎಂದು ನೋಡಲಿಕ್ಕೆ. ಆ ಜಾಗವನ್ನೂ ನೀನು ತುಂಬಿಬಿಟ್ಟೆ."

ಮರುದಿನ ಸಭೆಯಲ್ಲಿ ಆ ಜಾಗ ಬಂದಾಗ ಪಿಟೀಲು ತನ್ನ ಕಮಾನನ್ನು ಮೇಲೆತ್ತಿ ಸುಮ್ಮನಾಯಿತು. ಹಿಂದಿನ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅಜ್ಜಿಯೊಬ್ಬಳು ತನಗರಿವಿಲ್ಲದೆ ಮೆಲ್ಲಗೆ "ಕಂದ" ಎಂದಳು.

ಬಾಗಿಲಾಚೆ ನಿಂತಿದ್ದ ಮಾತು ಒಳಗೆ ಬಂದಾಗಿತ್ತು.