ಸೂರಿಲ್ಲದ ಮಠ

"ಗುರುಗಳೇ, ನಮ್ಮ ಕಾಲದ ನಂತರ ಈ ಮಠದ ಗತಿಯೇನು?" ಎಂದು ಶಿಷ್ಯ ಮರಿದೇವ ಕೇಳಿದ. ಅವನ ಕಳವಳ ನಿಜವಾದದ್ದೇ ಆಗಿತ್ತು. ಗುರುಗಳು ಹೇಳತೊಡಗಿದರು.

ಪಡುವಣ ಕಡಲಾಚೆ ಐರ್ಲೆಂಡ್ ಎಂಬ ನಾಡು. ಅಲ್ಲೊಂದು ಹಳೆಯ ಕ್ರೈಸ್ತ ಮಠ. ಕಡಲ್ಗಳ್ಳರು ಎಷ್ಟು ಸಲ ಸುಟ್ಟರೋ ಸನ್ಯಾಸಿಗಳು ಅಷ್ಟೇ ಸಲ ಕಟ್ಟಿದರು. ಕೊನೆಗೆ ಅರಸನೇ ಮುನಿದ. ಸನ್ಯಾಸಿಗಳನ್ನು ಗಡೀಪಾರು ಮಾಡಿ, ಗಂಟೆ ಕಿತ್ತು, ಸೂರು ಇಳಿಸಿ, ಆ ನೆಲವನ್ನು ಒಬ್ಬ ಜಹಗೀರುದಾರನಿಗೆ ಕೊಟ್ಟ. ಅವನಿಗೆ ಕುದುರೆಲಾಯ ಬೇಕಿತ್ತು. ಚಳಿಗಾಲ ಕಳೆದೊಡನೆ ಮಠದ ಗೋಡೆ ಕೆಡವಿ ಕಲ್ಲು ಸಾಗಿಸಬೇಕೆಂದು ಊರಿನ ಬಂಡಿಗಳಿಗೆಲ್ಲ ಅಪ್ಪಣೆಯಾಯಿತು.

ಒಬ್ಬ ರೈತನ ಬಂಡಿಗೂ ಕರೆ ಬಂತು. ಅವನ ಹಿರಿಯರೆಲ್ಲ ಮಣ್ಣಾಗಿದ್ದದ್ದು ಆ ಮಠದ ಹೊರ ಅಂಗಳದಲ್ಲೇ. ತಲೆತಲಾಂತರದಿಂದ ಊರವರಿಗೆಲ್ಲ ಕೊನೆಯ ಜಾಗ ಅದೇ. ಗೋಡೆಯೊಳಗೆ ಹೂಳುತ್ತಿದ್ದದ್ದು ಸನ್ಯಾಸಿಗಳನ್ನು ಮಾತ್ರ. ಆ ಗೋಡೆಯನ್ನು ತಾನೇ ಕೆಡವುವುದು ರೈತನಿಗೆ ಸುತರಾಂ ಇಷ್ಟವಿರಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಬಾಯಿ ಮುಚ್ಚಿಕೊಂಡಿದ್ದ. ಅದೇ ವಾರ ಅವನ ತಾಯಿ ತೀರಿಕೊಂಡಳು. ಅವನು ಎತ್ತು ಹೂಡಿ, ಹೆಣವನ್ನು ಗೋಡೆಯೊಳಕ್ಕೇ ಒಯ್ದು, ಅದರ ಬುಡದಲ್ಲಿ ಗುಣಿ ತೋಡಿದ.

ಜಹಗೀರುದಾರ ನೋಡಿ ನಕ್ಕ. "ಪ್ರಾರ್ಥನೆ ಹೇಳೋರಿಲ್ಲ, ಮೇಲೆ ಸೂರೂ ಇಲ್ಲ. ಇಲ್ಲ್ಯಾಕೋ ಹೂಳ್ತೀಯ?"

"ಸೂರು ಬದುಕಿರೋರಿಗೆ ಒಡೆಯಾ. ನಮ್ಮವ್ವನಿಗೆ ಈ ಮಣ್ಣು ಸಾಕು."

"ಹೂತ್ಕೋ ಹೋಗು. ಸತ್ತೋರೇನು ನನ್ನ ಕಲ್ಲು ಹಿಡ್ಕೊಳ್ತಾರಾ?"

ಅಲ್ಲೇ ಜಹಗೀರುದಾರ ಕೆಟ್ಟ. ಗೋಡೆಯೊಳಗೆ ಹೂಳಲು ಅಪ್ಪಣೆ ಸಿಕ್ಕಿತೆಂಬ ಸುದ್ದಿ ಊರಿಡೀ ಹಬ್ಬಿತು. ಚಳಿಗಾಲ ಮುಗಿಯುವಷ್ಟರಲ್ಲಿ ಗೋಡೆಯ ಉದ್ದಕ್ಕೂ ಹೊಸ ಗೋರಿಗಳು. ಒಂದು ಕಲ್ಲು ಉರುಳಿಸಿದರೂ ಅದು ಯಾರದೋ ತಾಯಿಯ ಎದೆಯ ಮೇಲೆ ಬೀಳಬೇಕು. ಹೇಳಿದ ದಿನ ಬಂಡಿಗಳೇನೋ ಬಂದು ಸಾಲಾಗಿ ನಿಂತವು. ಹಾರೆ ಎತ್ತುವ ಕೈ ಒಂದೂ ಇರಲಿಲ್ಲ. ಜಹಗೀರುದಾರ ಪರವೂರಿನಿಂದ ಕೂಲಿಯವರನ್ನು ಕರೆಸಿದ. ಅವರಿಗೂ ತಾಯಂದಿರಿದ್ದರಲ್ಲ, ಟೊಪ್ಪಿ ತೆಗೆದು ಒಂದು ಗಳಿಗೆ ನಿಂತು, ಬಂದ ದಾರಿಯಲ್ಲೇ ಹಿಂದಿರುಗಿದರು. ಅಷ್ಟು ದೊಡ್ಡ ಒಡೆಯ ಮಣ್ಣು ಮುಕ್ಕಿದ. ರೈತ ಖಾಲಿ ಬಂಡಿ ಹೊಡೆದುಕೊಂಡು, ಗಂಟಲು ಬಿಚ್ಚಿ ಹಾಡುತ್ತ ಮನೆಗೆ ಹೋದ. ಆ ದಿನ ಅವನಷ್ಟು ಹಿಗ್ಗಿದವನು ಆ ನಾಡಿನಲ್ಲಿ ಇನ್ನೊಬ್ಬನಿರಲಿಲ್ಲ.

ಲಾಯವೆಂಬುದು ಎಲ್ಲಿತ್ತೋ ಇಂದು ಯಾರಿಗೂ ತಿಳಿಯದು. ಮಠದ ಗೋಡೆ, ಕಮಾನು, ದುಂಡು ಗೋಪುರ ನಿಂತೇ ಇವೆ. ಊರವರು ಈಗಲೂ ತಮ್ಮವರನ್ನು ಅಲ್ಲಿಗೇ ಹೊತ್ತು ತರುತ್ತಾರೆ.

ಮರಿದೇವನ ಮುಖ ಅರಳಿತು. "ಹಾಗಾದರೆ ಸನ್ಯಾಸಿಗಳು ಮರಳಿ ಬಂದರೇ, ಗುರುಗಳೇ?"

"ಬರಲಿಲ್ಲ. ಅವರು ಬರಲಿಲ್ಲವೆಂದು ಮಠ ಬೀಳಲೂ ಇಲ್ಲ."